ಐಟಿ ಕೆಲಸದಲ್ಲಿರುವವರು ರಾಜಕೀಯದ ಬಗ್ಗೆ ಬರೆಯಬಾರದೆ?

ಪ್ರಶ್ನೆ: ನಾನು ರಾಣೆಬೆನ್ನೂರು ತಾಲ್ಲೂಕಿನವನು, ವಯಸ್ಸು 26. ಹಾವೇರಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ನಾಲ್ಕು ವರ್ಷಗಳಿಂದ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ಶಿಕ್ಷಣ ಸಾಲ ಇನ್ನೂ ತೀರಿಲ್ಲ. ಇತ್ತೀಚೆಗೆ ಲಿಂಕ್ಡ್‌ಇನ್‌ನಲ್ಲಿ ಎರಡು ಬರಹ ಹಾಕಿದೆ. ಮೊದಲನೆಯದು ಕೆಲಸದ ಅವಧಿ ಹೆಚ್ಚಿಸುವ ಸರ್ಕಾರದ ಪ್ರಸ್ತಾವವನ್ನು ವಿರೋಧಿಸಿ. ಅದರಲ್ಲಿ ‘ಡಚ್ ಬ್ಯಾಂಕೊಂದರ ಮುಂದಿನ ತಿಂಗಳ ರಿಲೀಸ್‌ಗಾಗಿ ನಮ್ಮ ತಂಡ ಮೂರು ವಾರ ದಿನಕ್ಕೆ 13 ಗಂಟೆ ದುಡಿದಿದೆ’ ಎಂದು ಬರೆದಿದ್ದೆ. ಎರಡನೆಯದು ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಮೀಸಲಾತಿ ಬೇಕೆಂದು; ನಮ್ಮ ತಂಡದಲ್ಲಿ ಹೊರರಾಜ್ಯದವರೇ ತುಂಬಿದ್ದಾರೆ ಎಂದೂ ಅದರಲ್ಲಿತ್ತು. ಮೂರನೆಯ ದಿನ ಎಚ್‌ಆರ್‌ನವರು ಕರೆದು, ‘ಆಫೀಸಿಗೆ ರಾಜಕೀಯ ತರಬೇಡಿ, ಎರಡನ್ನೂ ತೆಗೆದುಬಿಡಿ, ಅಪ್ರೈಸಲ್ (ಕೆಲಸದ ಮೌಲ್ಯಮಾಪನ) ಹತ್ತಿರ ಬಂದಿದೆ’ ಎಂದರು. ನಾನು ಇನ್ನೂ ತೆಗೆದಿಲ್ಲ. ಗೆಳೆಯರು ನೌಕರರ ಸಂಘ ಸೇರು ಎನ್ನುತ್ತಾರೆ. ಹಿರಿಯರೊಬ್ಬರು, ಸೇರಿದರೆ ನಿನ್ನ ಹೆಸರು ಕಪ್ಪುಪಟ್ಟಿಗೆ ಹೋಗುತ್ತದೆ, ಮುಂದೆ ಎಲ್ಲಿಯೂ ಕೆಲಸ ಸಿಗದು ಎನ್ನುತ್ತಾರೆ. ಅಪ್ಪ, ‘ನಿನಗ್ಯಾಕ ಬೇಕಿತ್ತೋ ತಮ್ಮಾ ಈ ಉಸಾಬರಿ, ಸುಮ್ಮ ನೌಕರಿ ಮಾಡು’ ಅಂದರು. ನಾನು ತಪ್ಪು ಮಾಡಿದೆನೆ? ನನ್ನನ್ನು ತೆಗೆದುಹಾಕಬಹುದೆ? ಮೀಸಲಾತಿ ಕಾನೂನು ಬಂದರೆ ನನ್ನಂಥವರಿಗೆ ರಕ್ಷಣೆ ಸಿಗುತ್ತದೆಯೆ? ಇದೆಲ್ಲ ಬೇಡವೆಂದು ಹುಬ್ಬಳ್ಳಿಗೆ ಬಂದುಬಿಡಲೆ?

ಉತ್ತರ: ರಾಜಕೀಯ ಮಾತಾಡಿದ್ದಕ್ಕೆ ಶಿಕ್ಷೆಯಾಗುತ್ತದೆ ಎಂಬುದು ನಿಮ್ಮ ಭಯ. ನಿಮ್ಮ ಬರಹಗಳನ್ನು ಎಚ್‌ಆರ್ ವಿಭಾಗದವರ ಕಣ್ಣಿನಿಂದ ಓದಿದಾಗ ನನಗೆ ಅಪಾಯ ಕಂಡದ್ದು ಬೇರೆ ಕಡೆ: ‘ಡಚ್ ಬ್ಯಾಂಕೊಂದರ ಮುಂದಿನ ತಿಂಗಳ ರಿಲೀಸ್’ ಎಂಬ ಐದು ಪದಗಳಲ್ಲಿ. ನೀವು ಬ್ಯಾಂಕಿನ ಹೆಸರು ಹಾಕಿಲ್ಲ ನಿಜ, ಆದರೆ ನಿಮ್ಮ ಪ್ರೊಫೈಲಿನಲ್ಲಿ ಕಂಪನಿಯ ಹೆಸರಿದೆ, ಆ ಕಂಪನಿಗೆ ನೆದರ್‌ಲೆಂಡ್ಸಿನ ಎಷ್ಟು ಬ್ಯಾಂಕುಗಳು ಗ್ರಾಹಕರಾಗಿವೆ ಎಂಬುದನ್ನು ಆ ಕ್ಷೇತ್ರದವರು ಬೆರಳೆಣಿಕೆಯಲ್ಲಿ ಹೇಳಿಬಿಡುತ್ತಾರೆ. ಕೆಲಸಕ್ಕೆ ಸೇರುವಾಗ ನೀವು ಸಹಿ ಮಾಡಿದ ಗೋಪ್ಯತೆಯ ಒಪ್ಪಂದದಲ್ಲಿ ಕ್ಲೈಂಟ್‌ನ (ಗ್ರಾಹಕ ಸಂಸ್ಥೆಯ) ವಿವರ ಮತ್ತು ರಿಲೀಸ್, ಅಂದರೆ ಸಾಫ್ಟ್‌ವೇರ್ ಬಿಡುಗಡೆಯ ದಿನಾಂಕಗಳನ್ನು ಹೊರಗೆ ಹೇಳಬಾರದೆಂದು ಇದ್ದೇ ಇರುತ್ತದೆ.

ನಾನು ಎಂಟು ವರ್ಷ ಪ್ರೋಗ್ರಾಮರ್ ಆಗಿದ್ದೆ. ಆಮೇಲೆ ಹನ್ನೊಂದು ವರ್ಷ ಬೆಂಗಳೂರು, ಪುಣೆಗಳಲ್ಲಿ ಮಾನವ ಸಂಪನ್ಮೂಲ ವಿಭಾಗದಲ್ಲಿ ಕುಳಿತು, ನಿಮ್ಮನ್ನು ಕರೆದಂಥ ಕರೆಗಳನ್ನು ನಾನೇ ಮಾಡಿದ್ದೇನೆ. ಈಗ ಧಾರವಾಡದಲ್ಲಿ ವಿದ್ಯಾರ್ಥಿಗಳಿಗೆ, ಯುವ ನೌಕರರಿಗೆ ಸಲಹೆ ಕೊಡುತ್ತೇನೆ. ಒಮ್ಮೆ ನನ್ನ ಮೇಜಿಗೆ ಒಬ್ಬ ಹುಡುಗನ ಬರಹದ ಸ್ಕ್ರೀನ್‌ಶಾಟನ್ನು ಎ4 ಹಾಳೆಯ ಮೇಲೆ ಮುದ್ರಿಸಿ ಕಳುಹಿಸಿದ್ದರು. ರಾತ್ರಿ 12:40ಕ್ಕೆ ಬರೆದದ್ದು. ಸರ್ಕಾರವನ್ನು ಬೈದ ಆರು ಸಾಲುಗಳಿಗೆ ಯಾರೂ ಗೆರೆ ಎಳೆದಿರಲಿಲ್ಲ. ಹಳದಿ ಬಣ್ಣ ಬಿದ್ದದ್ದು ಎರಡೇ ಕಡೆ: ಪ್ರೊಫೈಲ್ ಚಿತ್ರದಲ್ಲಿ ಅವನ ಕೊರಳಲ್ಲಿದ್ದ ಕಂಪನಿಯ ಗುರುತಿನ ಚೀಟಿಯ ಪಟ್ಟಿಯ ಮೇಲೆ, ಮತ್ತು ಕೊನೆಯ ಸಾಲಿನಲ್ಲಿ ಬಂದಿದ್ದ ಗ್ರಾಹಕ ಸಂಸ್ಥೆಯ ಊರಿನ ಹೆಸರಿನ ಮೇಲೆ. ಎಚ್‌ಆರ್‌ನವರು ನಿಮಗೆ ‘ರಾಜಕೀಯ ಬೇಡ’ ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ಕ್ಲೈಂಟ್. ಆ ಮಾತನ್ನು ಬಿಡಿಸಿ ಹೇಳುವುದು ಅವರ ಕರ್ತವ್ಯವಾಗಿತ್ತು; ಅಪ್ರೈಸಲ್‌ನ ಹೆಸರೆತ್ತಿ ಹೆದರಿಸಿದ್ದು ಸರಿಯಲ್ಲ.

ನಿಮ್ಮ ಮೊದಲ ಬರಹದ ಬಗ್ಗೆ ನೀವೇ ಗಮನಿಸದ ಇನ್ನೊಂದು ಸಂಗತಿ ಇದೆ. ಕರ್ನಾಟಕದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಓವರ್‌ಟೈಮ್ ಸೇರಿಸಿದರೂ ದಿನಕ್ಕೆ 10 ಗಂಟೆ ಮೀರುವಂತಿಲ್ಲ, ಮೂರು ತಿಂಗಳಲ್ಲಿ ಒಟ್ಟು ಓವರ್‌ಟೈಮ್ 50 ಗಂಟೆ ದಾಟುವಂತಿಲ್ಲ. 2025ರ ಜೂನ್‌ನಲ್ಲಿ ಚರ್ಚೆಗೆ ಬಂದ ಪ್ರಸ್ತಾವವು ದಿನದ ಕೆಲಸವನ್ನು 10 ಗಂಟೆಗೆ, ಓವರ್‌ಟೈಮ್ ಸೇರಿದ ದಿನದ ಮಿತಿಯನ್ನು 12ಕ್ಕೆ, ಮೂರು ತಿಂಗಳ ಓವರ್‌ಟೈಮನ್ನು 144 ಗಂಟೆಗೆ ಏರಿಸುವಂಥದ್ದು. ಈಗ ನಿಮ್ಮ ಲೆಕ್ಕ ನೋಡಿ: ದಿನಕ್ಕೆ 13 ಗಂಟೆಯೆಂದರೆ 4 ಗಂಟೆ ಹೆಚ್ಚು, ವಾರಕ್ಕೆ ಐದು ದಿನದಂತೆ ಮೂರು ವಾರಕ್ಕೆ 60 ಗಂಟೆ. ಅಂದರೆ ಬರಲಿರುವ ಕಾನೂನನ್ನು ವಿರೋಧಿಸುವ ಭರದಲ್ಲಿ, ಇರುವ ಕಾನೂನೇ ನಿಮ್ಮ ತಂಡದಲ್ಲಿ ಪಾಲನೆಯಾಗಿಲ್ಲ ಎಂದು ನೀವು ಸಾರ್ವಜನಿಕವಾಗಿ ಬರೆದಿದ್ದೀರಿ. ಇದು ಗಂಭೀರ ದೂರು. ನಿಮ್ಮಲ್ಲಿ ಹಾಜರಾತಿಯ ದಾಖಲೆ ಇದ್ದರೆ ಇದು ಗಟ್ಟಿಯಾದ ದೂರೂ ಹೌದು, ಆದರೆ ಅದು ಸಲ್ಲಬೇಕಾದ ಜಾಗ ಲಿಂಕ್ಡ್‌ಇನ್ ಆಗಿರಲಿಲ್ಲ.

ಇನ್ನು ‘ಐಟಿಯವರಿಗೇಕೆ ರಾಜಕೀಯ’ ಎಂಬ ಮಾತು. ಇದನ್ನು ನಾನು ನೂರು ಬಾಯಿಗಳಿಂದ ಕೇಳಿದ್ದೇನೆ, ಒಮ್ಮೆಯೂ ಒಪ್ಪಲಾಗಿಲ್ಲ. ನಮ್ಮ ಉದ್ಯಮ ಸರ್ಕಾರದ ಹಂಗಿಲ್ಲದೆ ತಾನಾಗಿ ಬೆಳೆಯಿತೆಂಬ ನಂಬಿಕೆ ಎಷ್ಟೇ ಪ್ರಚಲಿತವಾಗಿದ್ದರೂ ಇತಿಹಾಸ ಹಾಗೆ ಹೇಳುವುದಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅದರ ಉಪಗ್ರಹ ಸಂಪರ್ಕಕ್ಕೆ ದೆಹಲಿಯ ಅನುಮತಿ ಬೇಕಾಗಿತ್ತು. 1991ರಲ್ಲಿ ಕೇಂದ್ರ ಸರ್ಕಾರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್‌ಗಳ ಸಂಸ್ಥೆಯನ್ನು ಹುಟ್ಟುಹಾಕಿತು. ಆ ಪಾರ್ಕ್‌ಗಳ ಕಂಪನಿಗಳು ರಫ್ತಿನ ಲಾಭದ ಮೇಲೆ ಪಡೆಯುತ್ತಿದ್ದ ಆದಾಯ ತೆರಿಗೆಯ ವಿನಾಯಿತಿ 2011ರ ಮಾರ್ಚ್‌ವರೆಗೆ ನಡೆಯಿತು. ಕರ್ನಾಟಕ 1997ರಲ್ಲಿಯೇ ಐಟಿ ನೀತಿ ಮಾಡಿತು. ನೌಕರರ ಸೇವಾ ನಿಯಮಗಳನ್ನು ಬರೆದು ಪ್ರಕಟಿಸಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕೊಟ್ಟ ವಿನಾಯಿತಿಯನ್ನು ರಾಜ್ಯ ಸರ್ಕಾರ ಮತ್ತೆ ಮತ್ತೆ ಮುಂದುವರಿಸಿತು. ದೂರದ ರಾಜಕೀಯವೂ ಅಷ್ಟೆ: 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ (ಅಲ್ಲಿನ ಉದ್ಯೋಗ ವೀಸಾ) ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಸಹಿ ಹಾಕಿದಾಗ, ಅದರ ಬಿಸಿ ಮರುದಿನವೇ ಹುಬ್ಬಳ್ಳಿಯ ವಿದ್ಯಾನಗರದ ಮನೆಗಳಿಗೂ ತಟ್ಟಿತು. ಉದ್ಯಮದ ಸಂಘಟನೆಯಾದ ನಾಸ್ಕಾಂ ಸರ್ಕಾರದೊಡನೆ ಮಾತಾಡುತ್ತದೆ, ಮನವಿ ಸಲ್ಲಿಸುತ್ತದೆ, ಮಸೂದೆಗಳನ್ನು ವಿರೋಧಿಸುತ್ತದೆ. ಯಾರೂ ಅದನ್ನು ಉಸಾಬರಿ ಎನ್ನುವುದಿಲ್ಲ. ಮಾಲೀಕರಿಗೆ ಸಲ್ಲುವ ಮಾತು ನೌಕರನಿಗೂ ಸಲ್ಲಬೇಕು. ಆದ್ದರಿಂದ ನೀವು ಅಭಿಪ್ರಾಯ ಹೊಂದಿದ್ದು, ಅದನ್ನು ಹೇಳಿದ್ದು ತಪ್ಪಲ್ಲ.

ಆದರೆ ಕಾನೂನು ನಿಮ್ಮನ್ನು ಎಷ್ಟರಮಟ್ಟಿಗೆ ಕಾಯುತ್ತದೆ ಎಂಬ ವಿಷಯದಲ್ಲಿ ಅನೇಕ ಯುವಕರಿಗೆ ತಪ್ಪು ತಿಳಿವಳಿಕೆ ಇದೆ. ಸಂವಿಧಾನದ 19ನೆಯ ವಿಧಿ ಕೊಡುವ ವಾಕ್ ಸ್ವಾತಂತ್ರ್ಯ ಮುಖ್ಯವಾಗಿ ಸರ್ಕಾರದ ಕೈ ಕಟ್ಟುತ್ತದೆ. ಖಾಸಗಿ ಕಂಪನಿಯೊಡನೆ ನಿಮ್ಮ ಸಂಬಂಧ ನಡೆಯುವುದು ನೇಮಕಾತಿ ಪತ್ರ, ಕಂಪನಿಯ ಸಾಮಾಜಿಕ ಜಾಲತಾಣದ ನೀತಿ ಮತ್ತು ಕಾರ್ಮಿಕ ಕಾನೂನುಗಳ ಮೇಲೆ. ಪ್ರೊಫೈಲಿನಲ್ಲಿ ‘ಅಭಿಪ್ರಾಯಗಳು ವೈಯಕ್ತಿಕ’ ಎಂದು ಬರೆದುಕೊಂಡರೆ ಸಾಕೆಂಬುದೂ ಭ್ರಮೆ. ಗೋಪ್ಯತೆಯ ಒಪ್ಪಂದ ಆ ಒಂದು ಸಾಲಿಗೆ ಕರಗುವುದಿಲ್ಲ.

ಹಾಗೆಂದು ನಿಮ್ಮನ್ನು ನಾಳೆಯೇ ಹೊರಗೆ ಹಾಕಲು ಬರುವುದಿಲ್ಲ. ಮೇಲೆ ಹೇಳಿದ 1961ರ ಕಾಯ್ದೆಯ ಪ್ರಕಾರ, ಆರು ತಿಂಗಳಿಗಿಂತ ಹೆಚ್ಚು ಸತತ ಸೇವೆ ಸಲ್ಲಿಸಿದ ನೌಕರನನ್ನು ತೆಗೆಯಲು ಸಮಂಜಸ ಕಾರಣ ಬೇಕು, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡಬೇಕು. ದುರ್ನಡತೆಯ ಆರೋಪವಿದ್ದರೆ ವಿಚಾರಣೆ ನಡೆಸಬೇಕು. ಎಂಜಿನಿಯರ್ ಎಂದರೆ ‘ಕಾರ್ಮಿಕ’ ಅಲ್ಲವೆಂಬ ಮಾತೂ ಅರ್ಧ ಸತ್ಯ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ವ್ಯಾಖ್ಯೆಯಲ್ಲಿ ತಾಂತ್ರಿಕ ಕೆಲಸ ಮಾಡುವವರೂ ಸೇರಿದ್ದರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಸೇರಿದ್ದಾರೆ. ಆಡಳಿತದ ಅಧಿಕಾರವಿಲ್ಲದೆ ಟೆಸ್ಟಿಂಗ್ ಮಾಡುವ ನಿಮ್ಮಂಥವರು ಈ ವ್ಯಾಖ್ಯೆಗೆ ಒಳಪಡುತ್ತೀರೆಂದು ವಾದಿಸಲು ಒಳ್ಳೆಯ ಆಧಾರವಿದೆ. ಅದೇ ಸಂಹಿತೆ 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ, ಎರಡೂ ಕಡೆಯವರು ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕೆನ್ನುತ್ತದೆ. ನಿಮ್ಮ 60 ಗಂಟೆಗಳ ಲೆಕ್ಕ ಮೊದಲು ಹೋಗಬೇಕಾದದ್ದು ಅಲ್ಲಿಗೆ.

ವಾಸ್ತವದಲ್ಲಿ ಒಂದು ಬರಹಕ್ಕಾಗಿ ನೇರವಾಗಿ ವಜಾ ಮಾಡುವುದು ಅಪರೂಪ. ಆಗುವುದು ನಿಧಾನವಾದ ಕೆಲಸ: ಅಪ್ರೈಸಲ್‌ನಲ್ಲಿ ಒಂದು ದರ್ಜೆ ಕಡಿಮೆ, ಪ್ರಾಜೆಕ್ಟ್ ಮುಗಿದ ಮೇಲೆ ಬೆಂಚ್ (ಹೊಸ ಪ್ರಾಜೆಕ್ಟ್ ಕೊಡದೆ ಖಾಲಿ ಕೂರಿಸುವುದು), ಆಮೇಲೆ ‘ಕಾರ್ಯಕ್ಷಮತೆ ಸುಧಾರಣೆ’ಯ ಪತ್ರ, ಕೊನೆಗೆ ಒಂದು ಕೋಣೆಯಲ್ಲಿ ಕೂರಿಸಿ, ‘ನೀವೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಚೆನ್ನಾಗಿ ಬರುತ್ತದೆ’ ಎಂಬ ಮಾತು. ನಾಲ್ಕೂ ಹಂತಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆ ಕೋಣೆಯಲ್ಲಿ ಅದೇ ದಿನ ಸಹಿ ಹಾಕಿದವರಿಗೆ ಮುಂದೆ ಕಾನೂನಿನ ನೆರವು ಪಡೆಯುವುದು ಬಹಳ ಕಷ್ಟವಾಗುತ್ತದೆ, ಏಕೆಂದರೆ ದಾಖಲೆಯ ಪ್ರಕಾರ ಅವರು ತಾವಾಗಿ ಬಿಟ್ಟುಹೋದವರು. ನಿಮಗೆ ಅಂಥ ದಿನ ಬಂದರೆ, ಮನೆಯವರೊಡನೆ ಮಾತಾಡಿ ಲಿಖಿತವಾಗಿ ಉತ್ತರಿಸುತ್ತೇನೆಂದು ಹೇಳಿ ಎದ್ದು ಬನ್ನಿ.

ನಿಮ್ಮ ಎರಡನೆಯ ಬರಹಕ್ಕೆ ಬರುತ್ತೇನೆ. 2024ರ ಜುಲೈ 15ರಂದು ರಾಜ್ಯ ಸಚಿವ ಸಂಪುಟ ಒಪ್ಪಿದ ಮಸೂದೆಯಲ್ಲಿ ಆಡಳಿತ ಹುದ್ದೆಗಳಲ್ಲಿ 50, ಉಳಿದ ಹುದ್ದೆಗಳಲ್ಲಿ 70 ಪ್ರತಿಶತ ಸ್ಥಳೀಯರಿರಬೇಕೆಂದಿತ್ತು. ಉದ್ಯಮದವರ ವಿರೋಧ ಬಂದ ಕೂಡಲೇ, ಎರಡೇ ದಿನಗಳಲ್ಲಿ, ಅದನ್ನು ತಡೆಹಿಡಿಯಲಾಯಿತು. ಕನ್ನಡಿಗರಿಗೆ ಕನ್ನಡ ನಾಡಿನಲ್ಲಿ ಕೆಲಸ ಎಂಬ ಬೇಡಿಕೆ ಹಳೆಯದು, ಗೌರವದ್ದು. ಅದಕ್ಕೆ ವರದಿಯ ರೂಪ ಕೊಟ್ಟ ಸರೋಜಿನಿ ಮಹಿಷಿಯವರು ನಮ್ಮ ಧಾರವಾಡದವರು, ಧಾರವಾಡ ಉತ್ತರದಿಂದ ಲೋಕಸಭೆಗೆ ಆಯ್ಕೆಯಾದವರು. 1980ರ ದಶಕದ ಅವರ ವರದಿಯನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. ನಾನೂ ಆ ಬೇಡಿಕೆಯ ಪರವಾಗಿಯೇ ಇದ್ದೇನೆ. ಆದರೆ ಅದು ನಿಮ್ಮನ್ನು ಕಾಯುತ್ತದೆಯೆ ಎಂದರೆ, ಇಲ್ಲ ಎಂದೇ ಹೇಳಬೇಕು. ಹರಿಯಾಣ ಸರ್ಕಾರ ತಿಂಗಳಿಗೆ 30,000 ರೂಪಾಯಿವರೆಗಿನ ಖಾಸಗಿ ಉದ್ಯೋಗಗಳಲ್ಲಿ 75 ಪ್ರತಿಶತ ಸ್ಥಳೀಯರಿಗೆ ಎಂದು ಮಾಡಿದ ಕಾನೂನನ್ನು 2023ರ ನವೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ಅಸಾಂವಿಧಾನಿಕವೆಂದು ರದ್ದು ಮಾಡಿತು. ನಮ್ಮ ಮಸೂದೆ ಮತ್ತೆ ಬಂದರೂ ಅದೇ ಪರೀಕ್ಷೆ ಎದುರಿಸಬೇಕು. ಅಲ್ಲದೆ ಮಸೂದೆಯ ಕಣ್ಣಿಗೆ ಇಡೀ ಕರ್ನಾಟಕ ಒಂದೇ. ರಾಜ್ಯದಲ್ಲಿ ಹುಟ್ಟಿ, 15 ವರ್ಷ ನೆಲೆಸಿ, ಕನ್ನಡ ಓದಲು ಬರೆಯಲು ಬಲ್ಲವನು ಸ್ಥಳೀಯ. ಅವನು ಜಯನಗರದವನೋ ಹಿರೇಕೆರೂರಿನವನೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ನಮ್ಮ ಭಾಗದ ನಿಜವಾದ ದೂರು ಪ್ರಾದೇಶಿಕ ಅಸಮತೋಲನದ್ದು. ಅದನ್ನು ಅಳೆದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಕೆಲಸ ಊರಿನ ಹತ್ತಿರಕ್ಕೆ ಬರಬೇಕೆಂಬುದು ಒಂದು ಬೇಡಿಕೆ, ದೂರದ ಕೆಲಸದಲ್ಲಿ ಪಾಲು ಬೇಕೆಂಬುದು ಇನ್ನೊಂದು. ನಾವು ಎರಡನ್ನೂ ಬೆರೆಸಿ ಕೇಳುತ್ತಿರುವುದರಿಂದ ಮೊದಲನೆಯದು ಹಿಂದೆ ಬೀಳುತ್ತಿದೆ.

ಆ ಬರಹದಲ್ಲಿ ನನಗೆ ನೋವಾದ ಭಾಗವೊಂದಿದೆ, ಮುಚ್ಚಿಡುವುದಿಲ್ಲ. ‘ನಮ್ಮ ತಂಡದಲ್ಲಿ ಹೊರರಾಜ್ಯದವರೇ ತುಂಬಿದ್ದಾರೆ’ ಎಂದಾಗ ಅದನ್ನು ಓದಿದವರು ನಿಮ್ಮ ಪಕ್ಕದ ಕುರ್ಚಿಯವರು. ಆ ಮೂರು ವಾರ ಅವರೂ ನಿಮ್ಮೊಡನೆ 13 ಗಂಟೆ ದುಡಿದಿದ್ದಾರೆ. ಕೆಲಸದ ಅವಧಿಯ ವಿಷಯದಲ್ಲಿ ನಿಮ್ಮ ಜೊತೆ ನಿಲ್ಲಬೇಕಾದವರು ಅವರೇ, ಅವರನ್ನು ಒಂದೇ ಸಾಲಿನಲ್ಲಿ ದೂರ ಮಾಡಿಕೊಂಡಿದ್ದೀರಿ. ನಾಳೆ ಯಾರಾದರೂ ಇದನ್ನು ಸಹೋದ್ಯೋಗಿಗಳ ಮೇಲಿನ ದ್ವೇಷದ ಮಾತೆಂದು ದೂರಿದರೆ, ರಾಜಕೀಯ ಅಭಿಪ್ರಾಯವೆಂಬ ವಾದ ನಿಲ್ಲುವುದಿಲ್ಲ. ನೀತಿಯ ಬಗ್ಗೆ ಎಷ್ಟು ಕಟುವಾಗಿ ಬೇಕಾದರೂ ಬರೆಯಿರಿ, ತಂಡದ ಜನರನ್ನು ಉದಾಹರಣೆ ಮಾಡಿಕೊಳ್ಳಬೇಡಿ.

ಕಪ್ಪುಪಟ್ಟಿಯ ಬಗ್ಗೆ: ಸಂಘ ಸೇರಿದವರ ಹೆಸರುಗಳನ್ನು ಇಡೀ ಉದ್ಯಮಕ್ಕೆ ಹಂಚುವ ಪಟ್ಟಿಯೊಂದನ್ನು ನನ್ನ ಹನ್ನೊಂದು ವರ್ಷಗಳಲ್ಲಿ ನಾನು ಕಂಡಿಲ್ಲ. ಜನ ಹೆಚ್ಚಾಗಿ ಬೆರಳು ತೋರುವ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ಎಂಬುದು ಓದು ಮತ್ತು ಅನುಭವದ ವಿವರಗಳನ್ನು ಪರಿಶೀಲಿಸಿಡುವ ದತ್ತಾಂಶ ಕೋಶ. ಆದರೆ ಪ್ರತಿ ಕಂಪನಿಯಲ್ಲಿಯೂ ಬಿಟ್ಟುಹೋದವರ ಹೆಸರಿನ ಮುಂದೆ ‘ಮತ್ತೆ ತೆಗೆದುಕೊಳ್ಳಬಹುದೇ’ ಎಂಬ ಕಲಮು ಇರುತ್ತದೆ, ಹೊಸ ಕಂಪನಿ ಬ್ಯಾಕ್‌ಗ್ರೌಂಡ್ ಪರಿಶೀಲನೆಯಲ್ಲಿ ಅದನ್ನು ಕೇಳುವುದುಂಟು. ಪರಿಚಯದ ಮೇಲೆ ನಡೆಯುವ ಫೋನ್ ವಿಚಾರಣೆಯೂ ಇದೆ. ಅಂದರೆ ಅಪಾಯ ಶೂನ್ಯವಲ್ಲ, ನಿಮ್ಮ ಹಿರಿಯರು ಹೇಳಿದಷ್ಟೂ ಅಲ್ಲ.

ನೌಕರರ ಸಂಘ ಕಟ್ಟುವ, ಸೇರುವ ಹಕ್ಕು ಸಂವಿಧಾನದಲ್ಲಿಯೇ ಇದೆ. ಕರ್ನಾಟಕದ ಐಟಿ ನೌಕರರ ಸಂಘ 2017ರಿಂದ ಕೆಲಸ ಮಾಡುತ್ತಿದೆ. 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆಯ ಪ್ರಸ್ತಾವ ಬಂದಾಗಲೂ 2025ರಲ್ಲಿಯೂ ಕಾರ್ಮಿಕ ಇಲಾಖೆಯ ಮುಂದೆ ನೌಕರರ ಪರ ಮಾತಾಡಿದ್ದು ಅದೇ. ಇಲ್ಲಿ ನನ್ನ ನಿಲುವು ಸ್ಪಷ್ಟವಾಗಿದೆ. ನಡುರಾತ್ರಿ ಮೊಬೈಲಿನಲ್ಲಿ ಒಬ್ಬನೇ ಬರೆದ ಮಾತಿಗೆ ಅಪಾಯ ಅತಿ ಹೆಚ್ಚು, ಪರಿಣಾಮ ಅತಿ ಕಡಿಮೆ. ಅದೇ ಮಾತು ನೂರು ಜನರ ಸಹಿಯ ಮನವಿಯಾಗಿ ಕಾರ್ಮಿಕ ಆಯುಕ್ತರ ಮುಂದೆ ಹೋದರೆ ಅಲ್ಲಿ ಯಾರ ಪ್ರೊಫೈಲ್ ಚಿತ್ರವೂ ಇರುವುದಿಲ್ಲ. ನಮ್ಮ ಗದಗ ಸೀಮೆಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಸಾಲದಲ್ಲಿ ಮುಳುಗಿದ್ದ ರೈತರು ಒಬ್ಬೊಬ್ಬರೇ ಸಾಹುಕಾರನ ಮುಂದೆ ನಿಲ್ಲುವ ಬದಲು 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಆದರೂ ಸಾಲವಿರುವ ನಿಮಗೆ ಒಂದು ಮಾತು: ಆರು ತಿಂಗಳ ಕಂತು ಮತ್ತು ಊಟದ ಖರ್ಚು ಕೈಯಲ್ಲಿರುವ ತನಕ ಸಂಘದ ಸದಸ್ಯರಾಗಿರಿ, ಪದಾಧಿಕಾರಿಯಾಗಲು ಅವಸರ ಬೇಡ.

ಹುಬ್ಬಳ್ಳಿಗೆ ಬರುವ ವಿಚಾರವನ್ನು ಈ ಸಿಟ್ಟಿನಲ್ಲಿ ತೀರ್ಮಾನಿಸಬೇಡಿ. ಇಲ್ಲಿ ಕೆಲಸವಿಲ್ಲ ಎಂಬುದು ಇಂದು ಪೂರ್ತಿ ನಿಜವಲ್ಲ. ಹುಬ್ಬಳ್ಳಿಯಲ್ಲಿಯೇ ಬೆಳೆದ ಸಂಕಲ್ಪ್ ಸೆಮಿಕಂಡಕ್ಟರ್ ಕಂಪನಿಯನ್ನು 2019ರಲ್ಲಿ ಎಚ್‌ಸಿಎಲ್ ಕೊಂಡಿತು. ಇನ್ಫೋಸಿಸ್ ಕ್ಯಾಂಪಸ್ ಇದೆ. ದೇಶಪಾಂಡೆ ಪ್ರತಿಷ್ಠಾನದ ನೆರಳಿನಲ್ಲಿ ಹೊಸ ಕಂಪನಿಗಳು ಹುಟ್ಟುತ್ತಿವೆ. ರಾಜ್ಯದ 2024–29ರ ಜಾಗತಿಕ ಸಾಮರ್ಥ್ಯ ಕೇಂದ್ರಗಳ (ಬಹುರಾಷ್ಟ್ರೀಯ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆಯುವ ಕಚೇರಿಗಳ) ನೀತಿ 500 ಹೊಸ ಕೇಂದ್ರಗಳ ಗುರಿ ಇಟ್ಟುಕೊಂಡಿದೆ, ಬೆಂಗಳೂರಿನ ಹೊರಗೂ ಅವು ಬರಲೆಂದು ಪ್ರೋತ್ಸಾಹ ಕೊಡುತ್ತದೆ. ಆದರೆ 2024ರಲ್ಲಿ ಇನ್ಫೋಸಿಸ್ ತನ್ನ ಹುಬ್ಬಳ್ಳಿ ಕಚೇರಿಗೆ ವರ್ಗವಾಗಿ ಬರುವವರಿಗೆ ಹುದ್ದೆಗೆ ತಕ್ಕಂತೆ 8 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಕೊಡಲು ಮುಂದಾಗಬೇಕಾಯಿತು. ಕಟ್ಟಡ ಬಂದ ಮಾತ್ರಕ್ಕೆ ಜನ ಬರುವುದಿಲ್ಲ, ಏಕೆಂದರೆ ಇಲ್ಲಿ ಮೊದಲ ಕೆಲಸ ಸಿಕ್ಕರೂ, ಅದು ಹೋದಾಗ ಎರಡನೆಯದು ಅದೇ ರಸ್ತೆಯಲ್ಲಿ ಸಿಗುವ ಭರವಸೆ ಇನ್ನೂ ಹುಟ್ಟಿಲ್ಲ. ಬಾಡಿಗೆ ಕಡಿಮೆ, ಹೊಲಮನೆ ಹತ್ತಿರ, ತಂದೆತಾಯಿಗೆ ಆಸರೆ ಎಂಬ ಲಾಭಗಳು ದೊಡ್ಡವು. ಇನ್ನೊಂದೆರಡು ವರ್ಷದಲ್ಲಿ ಆಟೊಮೇಶನ್ ಟೆಸ್ಟಿಂಗ್ ಚೆನ್ನಾಗಿ ಕಲಿತು, ಕೈಯಲ್ಲಿ ಆಫರ್ ಇಟ್ಟುಕೊಂಡು ಬಂದರೆ ನೀವು ಇಲ್ಲಿ ನಿಲ್ಲುತ್ತೀರಿ. ಬರಿಗೈಯಲ್ಲಿ ಬಂದರೆ ಆರು ತಿಂಗಳಲ್ಲಿ ಮತ್ತೆ ಭಾನುವಾರ ರಾತ್ರಿಯ ಬೆಂಗಳೂರು ಬಸ್ಸು ಹತ್ತುತ್ತೀರಿ.

ಈಗ ಆ ಎರಡು ಬರಹಗಳು. ಎರಡನ್ನೂ ಹಾಗೆಯೇ ಬಿಟ್ಟರೆ ಗೋಪ್ಯತೆ ಮುರಿದ ಆರೋಪಕ್ಕೆ ನೀವೇ ಸಾಕ್ಷ್ಯ ಒದಗಿಸಿದಂತೆ. ಎರಡನ್ನೂ ಮಾತಿಲ್ಲದೆ ಅಳಿಸಿದರೆ, ಅಪ್ರೈಸಲ್‌ನ ಬೆದರಿಕೆಗೆ ಯಾವ ದಾಖಲೆಯೂ ಉಳಿಯುವುದಿಲ್ಲ. ನನ್ನ ಸಲಹೆ ಇದು: ಬ್ಯಾಂಕ್ ಮತ್ತು ರಿಲೀಸ್‌ನ ಸಾಲನ್ನೂ ಸಹೋದ್ಯೋಗಿಗಳ ಸಾಲನ್ನೂ ಇಂದೇ ತೆಗೆಯಿರಿ, ನೀತಿಯ ಬಗೆಗಿನ ಅಭಿಪ್ರಾಯವನ್ನು ಉಳಿಸಿ, ಕಂಪನಿಯ ನೀತಿ ಅದನ್ನೂ ನಿಷೇಧಿಸಿದ್ದರೆ ಕಂಪನಿಯ ಹೆಸರಿರುವ ಪ್ರೊಫೈಲಿನಿಂದ ಅದನ್ನೂ ತೆಗೆಯಿರಿ. ನೀವು ಕೆಲಸಕ್ಕೆ ಬಂದುಹೋದ ಸಮಯವನ್ನು ನಿಮ್ಮದೇ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ, ಆದರೆ ಕಂಪನಿಯ ಕಡತಗಳನ್ನು ಸ್ವಂತ ಇಮೇಲಿಗೆ ಕಳುಹಿಸಿಕೊಳ್ಳಬೇಡಿ, ಅದು ಇನ್ನೊಂದು ಆರೋಪವಾಗುತ್ತದೆ. ಆಮೇಲೆ ಎಚ್‌ಆರ್‌ಗೆ ಸೌಜನ್ಯದ ಒಂದು ಇಮೇಲ್ ಕಳುಹಿಸಿ: ‘ಇಂಥ ದಿನಾಂಕದಂದು ನಾವು ಮಾತಾಡಿದಂತೆ, ನನ್ನ ಬರಹದಲ್ಲಿದ್ದ ಗ್ರಾಹಕರ ಉಲ್ಲೇಖವನ್ನು ತೆಗೆದಿದ್ದೇನೆ. ಉಳಿದ ಭಾಗವು ಕಂಪನಿಯ ಯಾವ ನೀತಿಯ ಯಾವ ಅಂಶಕ್ಕೆ ವಿರುದ್ಧವಾಗಿದೆ ಎಂಬುದನ್ನು ದಯವಿಟ್ಟು ಲಿಖಿತವಾಗಿ ತಿಳಿಸಿ. ಕಳೆದ ತಿಂಗಳ ಹೆಚ್ಚುವರಿ ಗಂಟೆಗಳ ವಿಷಯವನ್ನು ಕುಂದುಕೊರತೆ ಸಮಿತಿಯ ಮುಂದೆ ಇಡಲು ಬಯಸುತ್ತೇನೆ, ಅದರ ಸದಸ್ಯರ ವಿವರ ಕೊಡಿ.’ ಕಳುಹಿಸಿದ ದಿನವೇ ಅದರ ಒಂದು ಪ್ರತಿಯನ್ನು ಮುದ್ರಿಸಿ, ನೇಮಕಾತಿ ಪತ್ರದ ಜೊತೆ ಊರಿನ ಮನೆಯಲ್ಲಿ ಇಡಿ.